ಮಳೆಗೂ ಬಿಸಿಲಿಗೂ ನಿಲ್ಲುವ ಮಲೆನಾಡಿನ ಅಂಗಳ: ನೆಲ, ಕುಂಡ, ಹೂವು, ಬೇಲಿಯ ಆಯ್ಕೆ

ನವೆಂಬರಿನಲ್ಲಿ ನರ್ಸರಿಗೆ ಹೋದರೆ ಎಲ್ಲ ಗಿಡವೂ ಚೆಂದ ಕಾಣುತ್ತದೆ. ಅದರಲ್ಲಿ ಯಾವುದು ನಮ್ಮ ಮನೆಯಂಗಳಕ್ಕೆ ಒಗ್ಗುತ್ತದೆ ಎಂದು ಗೊತ್ತಾಗುವುದು ಎರಡು ಹೊತ್ತಿನಲ್ಲಿ ಮಾತ್ರ. ಒಂದು, ಪುಷ್ಯ ಮಳೆ ವಾರಗಟ್ಟಲೆ ಬಿಡದೆ ಹೊಡೆಯುವಾಗ. ಇನ್ನೊಂದು, ಏಪ್ರಿಲಿನಲ್ಲಿ ಬಾವಿಯ ತಳ ಕಾಣತೊಡಗಿದಾಗ. ಎರಡನ್ನೂ ತಡೆಯುವಂಥದ್ದು ಅಂಗಳದ ನೆಲಕ್ಕೆ, ಒಂದನ್ನು ಮಾತ್ರ ತಡೆಯುವಂಥದ್ದು ಎತ್ತಿಡಲು ಬರುವ ಕುಂಡಕ್ಕೆ. ಕೆಳಗಿನ ಹೋಲಿಕೆಗೆಲ್ಲ ಇದೇ ಅಳತೆಗೋಲು.

ಊರು ಯಾವುದು ಎಂಬುದೂ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಅಲ್ಲಿಂದ ನೂರು ಕಿಲೋಮೀಟರ್ ಒಳಗೇ ಇರುವ ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಬೀಳುವುದಿಲ್ಲ. ಹಾಗಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಪಶ್ಚಿಮ ಭಾಗಕ್ಕೆ ಹೇಳುವ ಮಾತು ಭದ್ರಾವತಿ, ಶಿಕಾರಿಪುರಕ್ಕೆ ಹಾಗೇ ಹೊಂದುವುದಿಲ್ಲ. ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಬೇರೆಯಾಗಿಯೇ ಹೇಳಿದೆ.

ಮೊದಲು ಸೂರಿನ ನೀರು

ಗಿಡ ತರುವ ಮೊದಲು ಒಂದು ಕೆಲಸ ಇದೆ. ಹೆಂಚಿನ ಮನೆಯ ಸೂರಿನಿಂದ ನೀರು ನೇರವಾಗಿ ನೆಲಕ್ಕೆ ಬೀಳುವ ಆ ಒಂದೂವರೆ ಅಡಿ ಪಟ್ಟಿಯಲ್ಲಿ ಯಾವ ಗಿಡವೂ ಬಾಳುವುದಿಲ್ಲ. 100 ಚದರ ಮೀಟರ್ ಮಾಡಿನ ಮೇಲೆ ಒಂದೇ ದಿನ 100 ಮಿ.ಮೀ. ಮಳೆಯಾದರೆ 10,000 ಲೀಟರ್ ನೀರು ಸೂರಿನಿಂದ ಇಳಿಯುತ್ತದೆ. ಬೇರಿನ ಮಣ್ಣು ಕೊಚ್ಚಿ ಹೋಗುತ್ತದೆ, ಕೆಸರು ಸಿಡಿದು ಗೋಡೆ ಕೆಂಪಾಗುತ್ತದೆ, ಆ ಕೆಸರಿನ ಜೊತೆ ಮಣ್ಣಿನ ಶಿಲೀಂಧ್ರವೂ ಎಲೆಯ ಅಡಿಗೆ ಹಾರುತ್ತದೆ. ಜುಲೈಯಲ್ಲಿ ಕೆಳಗಿನ ಎಲೆಗಳೇ ಮೊದಲು ಕೊಳೆಯುವುದಕ್ಕೆ ಇದೊಂದು ದೊಡ್ಡ ಕಾರಣ.

ಇಲ್ಲಿ ಆಯ್ಕೆ ಎರಡು. ಸೂರಿನಂಚಿಗೆ ದೋಣಿ ಹಾಕಿಸಿ ನೀರನ್ನು ಒಂದು ಕಡೆ ಇಳಿಸಬಹುದು. ಚೊಕ್ಕವಾಗಿ ಕಾಣುತ್ತದೆ, ಆದರೆ ಮರದ ಎಲೆ ಕಟ್ಟಿಕೊಂಡರೆ ಅತಿ ಮಳೆಯ ದಿನವೇ ಉಕ್ಕುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಏಣಿ ಹತ್ತಲು ಜನ ಇದ್ದರೆ ಮಾತ್ರ ಇದು ಸರಿ. ಇಲ್ಲವಾದರೆ ಸೂರಿನ ನೇರಕ್ಕೆ 45 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಕಾಲುವೆ ತೆಗೆದು, ತಳಕ್ಕೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಚೂರು, ಮೇಲೆ 40 ಮಿ.ಮೀ. ಜಲ್ಲಿ ತುಂಬಿ. ಕಾಲುವೆಯ ತಳಕ್ಕೆ ಮೀಟರಿಗೆ 1 ಸೆಂ.ಮೀ.ನಷ್ಟಾದರೂ ಇಳಿಜಾರು ಇರಲಿ, ಕೊನೆ ತೋಟದ ಬಸಿಗಾಲುವೆಗೆ ಸೇರಲಿ. ಮನೆ ಹಿಂದೆ ಕಡಿದ ಧರೆ (ಮಣ್ಣಿನ ಗೋಡೆ) ಇದ್ದರೆ, ಅದರ ಮೇಲ್ಭಾಗದ ನೀರನ್ನೂ ಬೇರೆ ಕಡೆ ತಿರುಗಿಸಲೇಬೇಕು. ಧರೆಯ ನೆತ್ತಿಯಲ್ಲಿ ನೀರು ನಿಂತರೆ ಕೆಳಗೆ ಎಷ್ಟು ಚೆಂದದ ತೋಟ ಮಾಡಿದರೂ ಅದು ಮಣ್ಣಿನಡಿ ಹೋಗುತ್ತದೆ. ಧರೆಯ ಮೈಗೆ ಲಾವಂಚವನ್ನು 15 ಸೆಂ.ಮೀ.ಗೊಂದರಂತೆ ಅಡ್ಡ ಸಾಲಿನಲ್ಲಿ ನೆಡಿ. ಅಂಚಿನಲ್ಲಿ ದೊಡ್ಡ ಮರ ಬೇಡ. ಗಾಳಿಗೆ ಮರ ತೂಗಿದಾಗ ಮಣ್ಣು ಬಿರುಕು ಬಿಟ್ಟು ನೀರು ಒಳಗಿಳಿಯುತ್ತದೆ.

ಅಂಗಳದ ನೆಲಕ್ಕೆ ಏನು?

ಅತಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ. ಅಂಗಳ ಬರೀ ನೋಡಲಿಕ್ಕಲ್ಲ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ದೀಪಾವಳಿ ಕಳೆಯುತ್ತಿದ್ದಂತೆ ಅಡಿಕೆ ಹರಡಲು ಅದೇ ಜಾಗ ಬೇಕು. ಮೇಲೆ ಚಪ್ಪರ ಬಂದರೆ ಕೆಳಗಿನ ಬೆಳಕೂ ಹೋಗುತ್ತದೆ. ಚಪ್ಪರದಡಿ ಹುಲ್ಲು ಹಾಕಿದವರಿಗೆ ಮೂರೇ ತಿಂಗಳಲ್ಲಿ ಬೋಳು ನೆಲ ಸಿಗುತ್ತದೆ.

ಹುಲ್ಲುಹಾಸು. ನೋಡಲು ಇದನ್ನು ಮೀರಿಸುವುದಿಲ್ಲ, ಮಕ್ಕಳಿಗೆ ಆಡಲೂ ಮೆತ್ತಗೆ. ಆದರೆ ಗರಿಕೆ ಜಾತಿಯ ಹುಲ್ಲಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಅಡಿಕೆ, ತೆಂಗು, ಹಲಸಿನ ನೆರಳಿನಲ್ಲಿ ಅದು ಎಳೆ ಎಳೆಯಾಗಿ ಮೇಲೆದ್ದು ನಡುವೆ ಪಾಚಿ ಹಿಡಿಯುತ್ತದೆ. ನೆರಳು ತಡೆಯುವ ಅಗಲ ಎಲೆಯ ಹುಲ್ಲೂ ಸಿಗುತ್ತದೆ, ಅದಕ್ಕೂ ಅರ್ಧ ದಿನದ ಬೆಳಕು ಬೇಕೇ ಬೇಕು. ಮಳೆಗಾಲದಲ್ಲಿ ಏಳೆಂಟು ದಿನಕ್ಕೊಮ್ಮೆ ಕತ್ತರಿಸಬೇಕು, ಕತ್ತರಿಸಲು ಮಳೆ ಬಿಟ್ಟು ಹೊಳವಾಗುವುದು ಮಾತ್ರ ಹದಿನೈದು ದಿನಕ್ಕೊಮ್ಮೆ. ಉದ್ದ ಬೆಳೆದ ಒದ್ದೆ ಹುಲ್ಲಿಗೆ ಉಂಬಳ (ಜಿಗಣೆ) ಬಂದು ಸೇರುತ್ತದೆ. ಬೇಸಿಗೆಯ ಲೆಕ್ಕ ಇನ್ನೂ ಕಷ್ಟದ್ದು: ಮಾರ್ಚ್‌ನಿಂದ ಮೇ ತನಕ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಹಿಡಿದರೆ, ಅರ್ಧ ಗುಂಟೆ ಹುಲ್ಲಿಗೆ 250 ಲೀಟರ್ ನೀರು. ಕೊಳವೆಬಾವಿಯಲ್ಲಿ ಬೇಸಿಗೆಯಲ್ಲೂ ನೀರಿದೆ, ಬಯಲು ಜಾಗ ಇದೆ ಎಂಬ ಶಿವಮೊಗ್ಗ-ಭದ್ರಾವತಿ ಕಡೆಯವರು ಸಣ್ಣದಾಗಿ, ಐದು ಮೀಟರ್‌ಗೆ ನಾಲ್ಕು ಮೀಟರ್‌ನಷ್ಟು ಮಾಡಿಕೊಳ್ಳಬಹುದು. ತೀರ್ಥಹಳ್ಳಿ, ಹೊಸನಗರದ ಕಡೆಗೆ ಬೇಡವೇ ಬೇಡ.

ಪಿಂಟೋ ಶೇಂಗಾ. ಹಳದಿ ಹೂ ಬಿಡುವ, ನೆಲಕ್ಕಂಟಿ ಹಬ್ಬುವ ಶೇಂಗಾ ಜಾತಿಯ ಬಳ್ಳಿ. ಹುಲ್ಲಿನ ಹಸಿರು ಬೇಕು, ಕತ್ತರಿಸುವ ಕೆಲಸ ಬೇಡ ಎನ್ನುವವರಿಗೆ ನಮ್ಮ ಮೊದಲ ಸಲಹೆ ಇದೇ. ಅರೆನೆರಳಲ್ಲೂ ಹಬ್ಬುತ್ತದೆ, ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದಿಡುವುದರಿಂದ ಗೊಬ್ಬರವೂ ಹೆಚ್ಚು ಕೇಳುವುದಿಲ್ಲ. ಮೃಗಶಿರ ಮಳೆಗೆ, ಮೂರು ಗೆಣ್ಣಿನ ತುಂಡುಗಳನ್ನು 20ರಿಂದ 25 ಸೆಂ.ಮೀ. ಅಂತರಕ್ಕೆ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ. ಮೊದಲ ಎರಡು ತಿಂಗಳು ಕಳೆ ಕೀಳಬೇಕು, ಆಮೇಲೆ ಅದೇ ಕಳೆಯನ್ನು ಅಮುಕುತ್ತದೆ. ಬೇಸಿಗೆಯಲ್ಲಿ ಎಲೆ ಸೊರಗಿ ತೆಳುವಾದರೂ ಬೇರು ಬದುಕಿದ್ದು ಮೊದಲ ಮಳೆಗೆ ಚಿಗುರುತ್ತದೆ. ಇದರ ಮೇಲೆ ದಿನಾ ಓಡಾಡುವ ಹಾಗಿಲ್ಲ. ನಡೆಯುವ ದಾರಿಗೆ ಕಲ್ಲು ಹಾಸಿ, ನಡುವಿನ ಜಾಗಕ್ಕೆ ಇದನ್ನು ಬಿಡಿ. ಇದೇ ರೀತಿ ಹಳದಿ ಹೂ ಬಿಡುವ ವೆಡೇಲಿಯಾ ಬಳ್ಳಿಯನ್ನು ಮಾತ್ರ ತರಬೇಡಿ. ಅಂಗಳದಿಂದ ತೋಟಕ್ಕೆ, ತೋಟದಿಂದ ಹಳ್ಳದಂಚಿಗೆ ಹಬ್ಬಿ ಆಮೇಲೆ ಕಿತ್ತರೂ ಮುಗಿಯುವುದಿಲ್ಲ. ತುಂಡಾದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ.

ಜಂಬಿಟ್ಟಿಗೆ ಹಾಸು. ಈ ನೆಲದ ಬಣ್ಣಕ್ಕೆ ಹೊಂದುವ ಹಾಸು ಇದು. ಮೈ ಒರಟಾಗಿರುವುದರಿಂದ ನುಣುಪು ಟೈಲ್ಸ್‌ನಷ್ಟು ಜಾರುವುದಿಲ್ಲ, ನೀರು ಹೀರುತ್ತದೆ. ಕಲ್ಲು ಆರಿಸುವುದರಲ್ಲೇ ಎಲ್ಲ ಇದೆ: ಬಡಿದರೆ ಟಣ್ ಎನ್ನಬೇಕು, ಉಗುರಿನಿಂದ ಕೆರೆದರೆ ಪುಡಿ ಉದುರಬಾರದು. ಬಿಳಿ ಜೇಡಿಯ ಗಂಟು ಹೆಚ್ಚಿರುವ ಮೆದು ಕಲ್ಲು ಎರಡು ಮಳೆಗಾಲಕ್ಕೆ ಗುಳಿ ಬೀಳುತ್ತದೆ. ಕೆಳಗೆ 10 ಸೆಂ.ಮೀ. ಜಲ್ಲಿ ದಮ್ಮಸು ಮಾಡಿ, 3ರಿಂದ 4 ಸೆಂ.ಮೀ. ದಪ್ಪ ಮರಳು ಹರಡಿ, ಅದರ ಮೇಲೆ ಕಲ್ಲು ಕೂರಿಸಿ. ಮೀಟರಿಗೆ 2 ಸೆಂ.ಮೀ. ಇಳಿಜಾರು ಮನೆಯಿಂದ ಹೊರಮುಖವಾಗಿರಲಿ. ಸಂದಿಗೆ ಸಿಮೆಂಟ್ ತುಂಬಬೇಡಿ, ಮರಳೇ ಸಾಕು. ಸಿಮೆಂಟ್ ತುಂಬಿದರೆ ನೀರು ಕಲ್ಲಿನ ಮೇಲೇ ನಿಂತು ಹಾವಸೆ ಕಟ್ಟುತ್ತದೆ.

ಸಿಮೆಂಟ್ ಇಂಟರ್‌ಲಾಕ್. ಕಾರು, ಟ್ರ್ಯಾಕ್ಟರ್ ಬರುವ ಜಾಗಕ್ಕೆ, ಅಡಿಕೆ ಒಣಗಿಸಲು ಒಪ್ಪುವಂಥದ್ದು. ಆದರೆ ಬಿಸಿಲಿಗೆ ಕಾಯುತ್ತದೆ. ನೆರಳಿನ ಭಾಗದಲ್ಲಿ ಜೂನ್ ಮುಗಿಯುವಷ್ಟರಲ್ಲಿ ಹಸಿರು ಹಾವಸೆ ಹಿಡಿದು, ವಯಸ್ಸಾದವರು ಜಾರಿ ಬೀಳುವುದು ಇದರ ಮೇಲೇ. ಅದಕ್ಕೆ ಬ್ಲೀಚಿಂಗ್ ಪೌಡರ್ ಚೆಲ್ಲಿ ತೊಳೆದರೆ ಆ ನೀರು ಪಕ್ಕದ ಗಿಡದ ಬೇರು ಸುಡುತ್ತದೆ, ಬಾವಿ ಹತ್ತಿರವಿದ್ದರೆ ಅದಕ್ಕೂ ಇಳಿಯುತ್ತದೆ. ಗಟ್ಟಿ ಪೊರಕೆಯಲ್ಲಿ ಉಸುಕು ಹಾಕಿ ಉಜ್ಜುವುದು, ನಡೆಯುವ ಪಟ್ಟಿಗೆ ಅಡಿಕೆ ದಬ್ಬೆಯನ್ನು ಅಡ್ಡಡ್ಡಲಾಗಿ ಹಾಸುವುದು ಹಳೆಯ ಉಪಾಯಗಳು. ಈಗಲೂ ಇವಕ್ಕಿಂತ ಒಳ್ಳೆಯದಿಲ್ಲ.

ಜಲ್ಲಿ ಹರಡುವುದು ಅಗ್ಗ. 10 ಚದರ ಮೀಟರಿಗೆ 5 ಸೆಂ.ಮೀ. ದಪ್ಪಕ್ಕೆ ಅರ್ಧ ಘನ ಮೀಟರ್, ಅಂದರೆ ಸುಮಾರು 18 ಘನ ಅಡಿ 20 ಮಿ.ಮೀ. ಜಲ್ಲಿ ಬೇಕು. ಅಡಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸದಿದ್ದರೆ ಒಂದೇ ಮಳೆಗಾಲಕ್ಕೆ ಅರ್ಧ ಜಲ್ಲಿ ಕೆಂಪು ಮಣ್ಣಿನೊಳಗೆ ಇಳಿಯುತ್ತದೆ. ಎಲೆ ಉದುರುವ ಮರದಡಿ ಜಲ್ಲಿ ಹಾಕಬೇಡಿ, ಗುಡಿಸಲು ಬರುವುದಿಲ್ಲ.

ಮಣ್ಣಿನಂಗಳಕ್ಕೆ ಸೆಗಣಿ ಸಾರಿಸುವುದು ನವೆಂಬರಿನಿಂದ ಮೇ ತನಕ ಇವೆಲ್ಲಕ್ಕಿಂತ ತಂಪು, ಇವೆಲ್ಲಕ್ಕಿಂತ ಚೆಂದ. ಸಾರಿಸುವ ಕೈಗಳಿರುವ ಮನೆಯಲ್ಲಿ ಅದನ್ನು ಕಿತ್ತು ಸಿಮೆಂಟ್ ಹಾಕಿಸುವ ಅಗತ್ಯವೇ ಇಲ್ಲ. ಮಳೆಗಾಲಕ್ಕೆ ಬಾಗಿಲಿಂದ ಗೇಟಿನ ತನಕ ಒಂದು ಕಲ್ಲಿನ ದಾರಿ ಮಾಡಿಕೊಂಡರೆ ಸಾಕು.

ನೆಲದಲ್ಲೋ, ಏರುಮಡಿಯಲ್ಲೋ, ಕುಂಡದಲ್ಲೋ?

ಜಂಬಿಟ್ಟಿಗೆ ನೆಲದಲ್ಲಿ ಗುಂಡಿ ತೋಡಿ ಗಿಡ ನೆಟ್ಟರೆ, ಆ ಗುಂಡಿ ಮಳೆಗಾಲದಲ್ಲಿ ಬಾಣಲೆಯ ಹಾಗೆ ನೀರು ಹಿಡಿಯುತ್ತದೆ. ಸುತ್ತಲಿನ ನೆಲ ಗಟ್ಟಿ, ಒಳಗಿನ ಮಣ್ಣು ಸಡಿಲ, ಹೀಗಾಗಿ ನೀರೆಲ್ಲ ಒಳಗೇ ಬಸಿಯುತ್ತದೆ. ನೆಲದಲ್ಲಿ ನೆಡುವುದಿದ್ದರೆ ಗುಂಡಿಯನ್ನು ನೆಲಮಟ್ಟದಿಂದ ಒಂದು ಗೇಣು ಎತ್ತರಕ್ಕೆ ತುಂಬಿ ದಿಬ್ಬ ಮಾಡಿ, ಇಳಿಜಾರಿನ ಬದಿಗೆ ಒಂದು ಸಣ್ಣ ಬಸಿಗಾಲುವೆ ತೆಗೆಯಿರಿ.

ಏರುಮಡಿಯೇ ಮಲೆನಾಡಿಗೆ ಹೇಳಿಸಿದ್ದು. 3 ಮೀಟರ್ ಉದ್ದ, 1 ಮೀಟರ್ ಅಗಲ, 30 ಸೆಂ.ಮೀ. ಎತ್ತರದ ಒಂದು ಮಡಿಗೆ ಸುಮಾರು 0.9 ಘನ ಮೀಟರ್ ಮಣ್ಣು ಬೇಕು, ಅಂದರೆ ಐವತ್ತಕ್ಕೂ ಹೆಚ್ಚು ಬಾಂಡ್ಲಿ. ಅಗಲ 1.2 ಮೀಟರ್ ಮೀರಿದರೆ ನಡುವಿನ ಕಳೆಗೆ ಕೈ ಎಟಕದೆ ಮಡಿಯ ಮೇಲೇ ಕಾಲಿಡಬೇಕಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಬದಿಗೆ ಜಂಬಿಟ್ಟಿಗೆ ಕಟ್ಟಿದರೆ ಬಹುಕಾಲ ಬರುತ್ತದೆ. ಅಡಿಕೆ ದಬ್ಬೆ ನಿಲ್ಲಿಸಿ ಗೂಟ ಹೊಡೆದರೆ ಖರ್ಚಿಲ್ಲ, ಆದರೆ ಎರಡು ಮೂರು ವರ್ಷಕ್ಕೆ ಗೆದ್ದಲು ಹಿಡಿದು ಬದಲಿಸಬೇಕು. ಕಲ್ಲು ಕಟ್ಟುವಾಗ ಅಡಿಯ ಸಾಲಿನಲ್ಲಿ ಮೀಟರಿಗೊಂದರಂತೆ ಸಂದಿ ಬಿಡಲು ಮರೆಯಬೇಡಿ. ಸಂದಿಯಿಲ್ಲದ ಮಡಿ ಜುಲೈಯಲ್ಲಿ ತೊಟ್ಟಿಯಾಗುತ್ತದೆ.

ಮಣ್ಣಿನ ಮಿಶ್ರಣ: ಎರಡು ಪಾಲು ಗೋಡು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಇಲ್ಲವೇ ಸುಟ್ಟ ಭತ್ತದ ಹೊಟ್ಟು. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಬಳಸಿ, ಅದರ ಧೂಳು ಮಣ್ಣಿನ ಸಂದಿ ಮುಚ್ಚುತ್ತದೆ. ಬೆಂಗಳೂರಿನ ತಾರಸಿ ತೋಟದವರು ಹೇಳುವ ಕೋಕೋಪೀಟ್ ಮಿಶ್ರಣ ಅಲ್ಲಿಗೆ ಸರಿ. ಮಳೆಗೆ ತೆರೆದಿಟ್ಟ ನಮ್ಮ ಕುಂಡದಲ್ಲಿ ಅದು ಹೀರಿದ ನೀರನ್ನು ಬಿಡದೆ ಬೇರಿಗೆ ಉಸಿರು ಕಟ್ಟಿಸುತ್ತದೆ. ಸೂರಿನಡಿ ಇಡುವ ಕುಂಡಕ್ಕೆ ಮಾತ್ರ ನಾಲ್ಕನೇ ಒಂದು ಪಾಲು ಹಾಕಬಹುದು.

ಇಲ್ಲಿನ ಮಣ್ಣು ಸಾಮಾನ್ಯವಾಗಿ ಹುಳಿ. ಮಳೆ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುವುದೇ ಕಾರಣ. ಗುಲಾಬಿ, ಡೇರೆ (ಡೇಲಿಯಾ), ತರಕಾರಿ ಮಡಿಗೆ ಚದರ ಮೀಟರಿಗೆ 200 ಗ್ರಾಂ ಕೃಷಿ ಸುಣ್ಣವನ್ನು ಮೇ ತಿಂಗಳಲ್ಲಿ ಬೆರೆಸಿ, ಎರಡು ಮೂರು ವಾರ ಬಿಟ್ಟು ಗೊಬ್ಬರ ಕೊಡಿ. ಸುಣ್ಣ, ಸೆಗಣಿ ಗೊಬ್ಬರ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಕೇಪಳ, ಜರಿಗಿಡ, ಹೈಡ್ರಾಂಜಿಯಾಕ್ಕೆ ಸುಣ್ಣ ಬೇಡ. ಹೈಡ್ರಾಂಜಿಯಾ ನಮ್ಮಲ್ಲಿ ನೀಲಿ ಹೂ ಬಿಡುವುದು ಈ ಹುಳಿ ಮಣ್ಣಿನಿಂದಲೇ, ಸುಣ್ಣ ಹಾಕಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂದಾಜಿನಲ್ಲಿ ಹಾಕುವ ಬದಲು ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಶಿವಮೊಗ್ಗದ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಕುಂಡದ ವಿಷಯಕ್ಕೆ ಬಂದರೆ, ಮಣ್ಣಿನ ಕುಂಡ ಮಳೆಗಾಲಕ್ಕೆ ಮೇಲು: ಗೋಡೆಯೇ ಉಸಿರಾಡುತ್ತದೆ. ಬೇಸಿಗೆಯಲ್ಲಿ ಅದಕ್ಕೆ ದಿನಾ ನೀರು ಬೇಕು. ಪ್ಲಾಸ್ಟಿಕ್ ಕುಂಡ ಇದಕ್ಕೆ ತಿರುಗುಮುರುಗು. ಸಿಮೆಂಟ್ ಕುಂಡ ಹೊಸದರಲ್ಲಿ ಸುಣ್ಣ ಬಿಡುತ್ತದೆ, ಹದಿನೈದು ದಿನ ನೀರು ತುಂಬಿಸಿ, ಬದಲಿಸಿ, ಆಮೇಲೆ ಬಳಸಿ. ಎತ್ತಿಡಬೇಕಾದ ಗಿಡವನ್ನು ಅದರಲ್ಲಿ ಹಾಕಬೇಡಿ. ಗ್ರೋಬ್ಯಾಗ್ ಅಗ್ಗ, ಎರಡು ಮೂರು ವರ್ಷಕ್ಕೆ ಬಿಸಿಲಿಗೆ ಹರಿಯುತ್ತದೆ, ಹರಿದ ಪ್ಲಾಸ್ಟಿಕ್ ಚೂರು ಅಂಗಳದ ತುಂಬ ಸೇರುತ್ತದೆ. ಯಾವುದೇ ಆದರೂ ಎರಡು ಹೆಂಚಿನ ಚೂರಿನ ಮೇಲೆ ಕುಂಡ ಎತ್ತಿಡಿ, ತೂತು ನೆಲಕ್ಕೆ ಅಂಟಬಾರದು. ಮಳೆಗಾಲದಲ್ಲಿ ಅಡಿಯ ತಟ್ಟೆ ತೆಗೆದಿಡಿ. ತಟ್ಟೆಯ ನೀರಿನಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ.

ಹೂವು: ಡೇರೆ ಮೊದಲು

ಮಲೆನಾಡಿನ ಅಂಗಳಕ್ಕೆ ಡೇರೆಯಷ್ಟು ಒಪ್ಪುವ ಹೂ ಇನ್ನೊಂದಿಲ್ಲ. ಮೊದಲ ಮಳೆಗೆ ಚಿಗುರಿ, ಆಗಸ್ಟಿನಿಂದ ನವೆಂಬರ್ ತನಕ ಹೂ ಬಿಟ್ಟು, ನೀರಿಲ್ಲದ ಬೇಸಿಗೆಯಲ್ಲಿ ಗೆಡ್ಡೆಯಾಗಿ ಮಲಗುತ್ತದೆ. ನಮ್ಮ ಎರಡು ಕಷ್ಟಗಳಲ್ಲಿ ಒಂದನ್ನು ಅದು ತಾನೇ ನಿವಾರಿಸಿಕೊಂಡಿದೆ. ಉಳಿದದ್ದು ಮಳೆ.

ರೋಹಿಣಿ ಕೊನೆಯಲ್ಲಿ ಗೆಡ್ಡೆಯ ಕಣ್ಣು ಉಬ್ಬುತ್ತದೆ. 12 ಇಂಚಿನ ಕುಂಡಕ್ಕೆ ಒಂದೇ ಗೆಡ್ಡೆ, ಕಣ್ಣು ಮೇಲೆ ಬರುವಂತೆ, 8ರಿಂದ 10 ಸೆಂ.ಮೀ. ಆಳಕ್ಕೆ ನೆಡಿ. ಆಸರೆಯ ಕೋಲನ್ನು ಅದೇ ದಿನ ಊರಿ. ಗಿಡ ಬೆಳೆದ ಮೇಲೆ ಊರಿದರೆ ಕೋಲು ಗೆಡ್ಡೆಯನ್ನು ಚುಚ್ಚಿ ಅಲ್ಲಿಂದಲೇ ಕೊಳೆ ಶುರು. ಚಿಗುರು ಒಂದು ಗೇಣು ಬರುವ ತನಕ ಬಸವನಹುಳದ ಕಾಟ. ರಾತ್ರಿ ಟಾರ್ಚ್ ಹಿಡಿದು ಆರಿಸಬೇಕು, ಇಲ್ಲವೇ ಕುಂಡದ ಸುತ್ತ ಒಣ ಬೂದಿ ಹಾಕಬೇಕು. ಬೂದಿ ಒದ್ದೆಯಾದರೆ ಕೆಲಸ ಮಾಡುವುದಿಲ್ಲ, ಆದ್ದರಿಂದ ಸೂರಿನಡಿಯಿದ್ದರೆ ಮಾತ್ರ ಅದು. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲು ಹೆಚ್ಚು. ದೊಡ್ಡ ಹೂ ಬೇಕಾದರೆ ಮೂರು ಮೊಗ್ಗಿನಲ್ಲಿ ನಡುವಿನದೊಂದನ್ನು ಉಳಿಸಿ. ಸೆಗಣಿ ನೀರು ಅತಿಯಾದರೆ ಎಲೆ ದೊಡ್ಡದಾಗಿ, ದಂಟು ಟೊಳ್ಳಾಗಿ, ಹೂವಿನ ಭಾರಕ್ಕೆ ಮುರಿಯುತ್ತದೆ. ಮೊಗ್ಗು ಕಂಡ ಮೇಲೆ ಬಚ್ಚಲೊಲೆಯ ಬೂದಿ ತಿಂಗಳಿಗೊಂದು ಮುಷ್ಟಿ ಸಾಕು. ಮೊಗ್ಗು ಬಣ್ಣ ತೋರಿದಾಗ ಕುಂಡವನ್ನು ಸೂರಿನಡಿ ತಂದಿಡಿ. ಎಸಳೊಳಗೆ ನೀರು ನಿಂತರೆ ಹಿಂಬದಿಯಿಂದ ಕಂದಾಗುತ್ತದೆ.

ಡೇರೆ ಬೆಳೆಯುವವರು ಹೆಚ್ಚು ಗಿಡ ಕಳೆದುಕೊಳ್ಳುವುದು ಗೆಡ್ಡೆ ಎತ್ತಿಡುವಾಗ. ಚಿಗುರು ಬರುವುದು ಗೆಡ್ಡೆಯ ಮೈಯಿಂದಲ್ಲ, ದಂಟು ಸೇರುವ ಕತ್ತಿನಿಂದ. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಅದರಿಂದ ಗಿಡ ಬರುವುದಿಲ್ಲ. ಗಿಡ ಪೂರ್ತಿ ಒಣಗಿದ ಮೇಲೆ 10 ಸೆಂ.ಮೀ. ದಂಟು ಬಿಟ್ಟು ಕತ್ತರಿಸಿ, ಗೊಂಚಲಾಗಿಯೇ ಎತ್ತಿ, ನೆರಳಲ್ಲಿ ಒಣಗಿಸಿ, ಒಣ ಮರಳಿನಲ್ಲಿ ಇಡಿ. ಕುಂಡದಲ್ಲೇ ಬಿಡುವುದಾದರೆ ನೀರು ನಿಲ್ಲಿಸಿ ಮಾಡಿನಡಿ ಇಡಿ. ಬಣ್ಣದ ಹೆಸರು ಬರೆದ ತಗಡಿನ ಚೂರು ದಂಟಿಗೆ ಕಟ್ಟಿಡಿ.

ಆಂಥೂರಿಯಂ ಡೇರೆಗೆ ಒಳ್ಳೆಯ ಜೊತೆ. ಡೇರೆ ಇಲ್ಲದ ತಿಂಗಳುಗಳನ್ನು ಇದು ತುಂಬುತ್ತದೆ, ಒಂದು ಹೂ ಗಿಡದಲ್ಲೇ ವಾರಗಟ್ಟಲೆ ನಿಲ್ಲುತ್ತದೆ. ಆದರೆ ಬೇಸಿಗೆಯಲ್ಲಿ ನೆರಳು, ತೇವ ಎರಡೂ ಬೇಕು: 75 ಶೇಕಡಾ ಶೇಡ್‌ನೆಟ್, ಇಲ್ಲವೇ ಅಡಿಕೆ ಸೋಗೆಯ ಚಪ್ಪರ. ಕುಂಡಕ್ಕೆ ಮಣ್ಣು ಹಾಕಬೇಡಿ. ತೆಂಗಿನ ಸಿಪ್ಪೆ ತುಂಡು, ಇದ್ದಿಲು, ಹೆಂಚಿನ ಚೂರು ಸಮಪಾಲು. ಮಣ್ಣಿನಲ್ಲಿಟ್ಟ ಗಿಡ ಆರಿದ್ರಾ ಮಳೆಯ ತನಕ ಚೆನ್ನಾಗಿಯೇ ಇದ್ದು ಆಮೇಲೆ ಬುಡ ಕೊಳೆಯುತ್ತದೆ. ಎರಡು ಮೂರು ವರ್ಷಕ್ಕೆ ಗಿಡ ಉದ್ದವಾಗಿ ಬುಡ ಬೋಳಾದಾಗ, ಎರಡು ಮೂರು ಬೇರಿರುವ ತುದಿಯನ್ನು ಕತ್ತರಿಸಿ ಹೊಸದಾಗಿ ನೆಡಿ. ಉಳಿದ ಬುಡದಿಂದ ಮರಿ ಬರುತ್ತದೆ.

ಗುಲಾಬಿಯನ್ನು ಎಲ್ಲರೂ ಕೇಳುತ್ತಾರೆ. ಅತಿ ಮಳೆಯ ಕಡೆ ದೊಡ್ಡ ಹೂವಿನ ಕಸಿ ಗುಲಾಬಿಗೆ ಜುಲೈಯಲ್ಲಿ ಕಪ್ಪುಚುಕ್ಕೆ ರೋಗ ಬಂದು ಎಲೆಯೆಲ್ಲ ಉದುರುತ್ತದೆ. ಎಲೆ ಏಳೆಂಟು ಗಂಟೆ ಒದ್ದೆಯಿದ್ದರೆ ಆ ಶಿಲೀಂಧ್ರ ಮೊಳೆಯುತ್ತದೆ, ನಮ್ಮಲ್ಲಿ ಎಲೆ ಒಣಗುವುದೇ ಅಪರೂಪ. ಅಡಿಕೆಯ ಕೊಳೆರೋಗಕ್ಕೆ ಮಾಡುವ ಶೇ. 1ರ ಬೋರ್ಡೋ ದ್ರಾವಣವನ್ನೇ ಮಳೆಗೆ ಮೊದಲು ಗುಲಾಬಿಗೂ ಹೊಡೆಯಬಹುದು. 10 ಲೀಟರಿಗೆ ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ. ಪ್ಲಾಸ್ಟಿಕ್ ಬಕೆಟಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಉಜ್ಜಿದ ಚಾಕು ಅದ್ದಿದಾಗ ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಹೊಸ ಚಿಗುರಿದ್ದರೆ ಅರ್ಧ ಪ್ರಮಾಣ ಮಾಡಿ, ಇಲ್ಲವಾದರೆ ಸುಟ್ಟ ಕಲೆ ಬೀಳುತ್ತದೆ. ಇಷ್ಟು ಮಾಡಲು ಪುರಸೊತ್ತಿಲ್ಲದವರು ಗೊಂಚಲು ಬಿಡುವ ಸಣ್ಣ ಹೂವಿನ ಊರ ಗುಲಾಬಿ ಇಟ್ಟುಕೊಳ್ಳಿ. ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರದವರಿಗೆ ಮಾತು ಬೇರೆ: ಅಲ್ಲಿ ಕಸಿ ಗುಲಾಬಿ, ದುಂಡುಮಲ್ಲಿಗೆ ಎರಡೂ ಚೆನ್ನಾಗಿ ಬರುತ್ತವೆ. ಗುಲಾಬಿಯನ್ನು ಅಕ್ಟೋಬರಿನಲ್ಲಿ, ಮಲ್ಲಿಗೆಯನ್ನು ಡಿಸೆಂಬರಿನಲ್ಲಿ ಸವರಿ. ಕಸಿಯ ಗಂಟಿನ ಕೆಳಗಿನ ಚಿಗುರನ್ನು ಗುಲಾಬಿಯಲ್ಲಿ ಬಿಡಲೇಬಾರದು. ಅದು ಬೇರುಗಿಡದ್ದು, ಮೇಲಿನ ಕಸಿಯನ್ನು ನುಂಗಿಬಿಡುತ್ತದೆ.

ಪರಿಮಳಕ್ಕೆ ಪಾರಿಜಾತ ಸಾಕು. ಗೆಲ್ಲು ಊರಿದರೂ ಬರುತ್ತದೆ, ಮಳೆಗಾಲದ ಕೊನೆಯಿಂದ ಬೆಳಗಾಗುವಷ್ಟರಲ್ಲಿ ಅಂಗಳ ತುಂಬ ಹೂ ಉದುರಿಸುತ್ತದೆ. ಕೆಂಡಸಂಪಿಗೆ ಬೇಕೆಂದರೆ ಕಸಿ ಗಿಡವೇ ತನ್ನಿ, ಬೀಜದ ಗಿಡಕ್ಕೆ ಬಹಳ ವರ್ಷ ಕಾಯಬೇಕು. ಹೆಂಚಿನ ಮಾಡಿನಿಂದ ಐದಾರು ಮೀಟರ್ ದೂರವಿರಲಿ.

ಸೀತಾಳೆ ದಂಡೆಯ ಬಗ್ಗೆ ಒಂದು ಮಾತು. ಮುಂಗಾರಿನ ಮೊದಲ ಮಳೆಗೆ ಬಾಲದಂತೆ ಇಳಿಬೀಳುವ ಈ ಆರ್ಕಿಡ್ ಹೂ ಅಂಗಳದಲ್ಲಿದ್ದರೆ ಬೇರೆ ಅಲಂಕಾರ ಬೇಕಿಲ್ಲ. ಆದರೆ ಕಾಡಿನಿಂದ ಕಿತ್ತು ತರಬೇಡಿ. ನಿಮ್ಮದೇ ಜಾಗದ ಮಾವು, ಹಲಸಿನ ಕೊಂಬೆ ಗಾಳಿಗೆ ಮುರಿದು ಬಿದ್ದಾಗ ಅದರಲ್ಲಿದ್ದ ಗಿಡವನ್ನು ಉಳಿಸಿಕೊಳ್ಳಬಹುದು. ಒರಟು ತೊಗಟೆಯ ಮರಕ್ಕೆ, ಬೆಳಗಿನ ಬಿಸಿಲು ಬೀಳುವ ಮಗ್ಗುಲಿಗೆ, ತೆಂಗಿನ ನಾರಿನ ಹಗ್ಗದಿಂದ ಅಲ್ಲಾಡದಂತೆ ಕಟ್ಟಿ. ಅಲ್ಲಾಡಿದರೆ ಬೇರಿನ ತುದಿ ಸವೆದು ಅಂಟಿಕೊಳ್ಳುವುದೇ ಇಲ್ಲ. ಮಣ್ಣು, ಗೊಬ್ಬರ ಏನೂ ಬೇಡ.

ಬೇಲಿ

ಕೇಪಳವೇ ನಮ್ಮ ಆಯ್ಕೆ, ನರ್ಸರಿಯವರು ಇಕ್ಸೋರಾ ಎನ್ನುತ್ತಾರೆ. ಹುಳಿ ಮಣ್ಣು ಇದಕ್ಕೆ ಇಷ್ಟ, ಮಳೆಗೆ ಜಗ್ಗುವುದಿಲ್ಲ, ಚಿಟ್ಟೆ ಬರುತ್ತದೆ. 45 ಸೆಂ.ಮೀ.ಗೊಂದು ಗಿಡ. ನಿಧಾನ ಎಂಬುದೊಂದೇ ದೂರು, ತುಂಬಿಕೊಳ್ಳಲು ಮೂರು ವರ್ಷ ಬೇಕು. ದಾಸವಾಳ ಒಂದೂವರೆ ವರ್ಷಕ್ಕೇ ಬೇಲಿಯಾಗುತ್ತದೆ, ಒಂದು ಗೇಣಿನ ಗೆಲ್ಲನ್ನು ಆರಿದ್ರಾ ಮಳೆಗೆ 60 ಸೆಂ.ಮೀ. ಅಂತರದಲ್ಲಿ ಊರಿದರೆ ಸಾಕು. ಬೇಸಿಗೆಯಲ್ಲಿ ಬಿಳಿ ಹಿಟ್ಟುತಿಗಣೆ ಬರುತ್ತದೆ, ಮೊಗ್ಗನ್ನು ಮಂಗ ಬಿಡುವುದಿಲ್ಲ. ತೋಟದ ಬದಿಗಾದರೆ ಗೊಬ್ಬರದ ಗಿಡದಷ್ಟು (ಗ್ಲಿರಿಸಿಡಿಯಾ) ಉಪಯೋಗದ್ದು ಇಲ್ಲ: ಒಂದೂವರೆ ಮೀಟರ್ ಗೂಟ ಊರಿದರೆ ಬದುಕುತ್ತದೆ, ಸೊಪ್ಪು ಗೊಬ್ಬರಕ್ಕಾಗುತ್ತದೆ, ಎಲೆ ಉದುರಿಸಿ ಫೆಬ್ರವರಿಯ ಹೊತ್ತಿಗೆ ತಿಳಿಗುಲಾಬಿ ಹೂ ಬಿಡುತ್ತದೆ. ಹೂ ಬೇಕಾದರೆ ನವೆಂಬರಿನ ನಂತರ ಸವರಬೇಡಿ. ದನ ಇರುವ ಮನೆಯಲ್ಲಿ ಕಣಗಿಲೆ, ಕರವೀರ ಬೇಲಿಗೆ ಬೇಡ. ಗಿಡದ ಎಲ್ಲ ಭಾಗವೂ ವಿಷ. ಸವರಿದ ಸೊಪ್ಪು ಬೇರೆ ಸೊಪ್ಪಿನ ಜೊತೆ ಕೊಟ್ಟಿಗೆ ಸೇರಿದರೆ ದನ ಸಾಯುತ್ತದೆ.

ದರಗು ಎಲ್ಲಿಂದ?

ಗಿಡದ ಬುಡ ಮುಚ್ಚಲು ಬೇಸಿಗೆಯಲ್ಲಿ 7ರಿಂದ 10 ಸೆಂ.ಮೀ. ದಪ್ಪ ಒಣ ಎಲೆ ಬೇಕೇ ಬೇಕು, ನೀರಿನ ಖರ್ಚು ಅದರಿಂದಲೇ ಇಳಿಯುವುದು. ಅದಕ್ಕೆ ಕಾಡಿನ ದರಗು ತರುವ ರೂಢಿ ಇದೆ. ಮಂಗನ ಕಾಯಿಲೆ ಮೊದಲು ಗುರುತಿಸಿದ್ದು 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಈ ಒಣ ಎಲೆಯಲ್ಲೇ ಇರುತ್ತದೆ, ಡಿಸೆಂಬರಿನಿಂದ ಮೇ ತನಕ ಕಾಟ ಹೆಚ್ಚು, ನಾವು ದರಗು ತರುವುದೂ ಅದೇ ತಿಂಗಳುಗಳಲ್ಲಿ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ಕಾಡಿನ ದರಗು ಅಂಗಳಕ್ಕೆ ತರಲೇಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ತೋಟದಲ್ಲೇ ಬಿದ್ದ ಅಡಿಕೆ ಸೋಗೆಯನ್ನು ಕೊಚ್ಚಿ ಹಾಕಿ, ಇಲ್ಲವೇ ಒಂದು ವರ್ಷ ರಾಶಿ ಹಾಕಿ ಕಳಿತ ಅಡಿಕೆ ಸಿಪ್ಪೆ ಬಳಸಿ. ಮಳೆ ಹಿಡಿದ ಕೂಡಲೇ ಈ ಮುಚ್ಚಿಗೆಯನ್ನು ಗಿಡದ ಕಾಂಡದಿಂದ ಒಂದು ಗೇಣು ಹಿಂದಕ್ಕೆ ಎಳೆಯಿರಿ. ಬುಡಕ್ಕೆ ಅಂಟಿಕೊಂಡ ಒದ್ದೆ ಎಲೆ ತೊಗಟೆಯನ್ನು ಕೊಳೆಸುತ್ತದೆ, ಬಸವನಹುಳಕ್ಕೂ ಅಲ್ಲೇ ಮನೆ.